ಪ್ರಸೂತಿ ರಜೆಯ ಶಾಸನಗಳಲ್ಲಿ ಮುನ್ಸೂಚನೆಯ ವಿಧಿ

ಕನ್ನಡದಲ್ಲಿ ನೆಲೆಗೊಂಡಿರುವ ‘ರಜೆ’ ಎಂಬ ಶಬ್ದವು ಅರಬ್ಬೀ ಮೂಲದ್ದು. ಪಾರಸಿಯ ಮೂಲಕ ದೇಶಭಾಷೆಗಳಿಗೆ ಬಂದುದು. ಸಮ್ಮತಿ, ಅಪ್ಪಣೆ ಎಂಬುದು ಅದರ ಮೂಲಾರ್ಥ. ಕೊಡುವವನೊಬ್ಬನಿಲ್ಲದೆ ರಜೆಯಿಲ್ಲ. ‘ಬಾಣಂತನ’ವೆಂಬ ಶಬ್ದವಾದರೋ ಅಪ್ಪಣೆಯನ್ನು ಕಾಯುವುದಲ್ಲ, ಅದು ತಾಯಿಯ ಅವಸ್ಥೆಯನ್ನೂ ಆಕೆಗೆ ಸಲ್ಲಬೇಕಾದ ಶುಶ್ರೂಷೆಯನ್ನೂ ಒಟ್ಟಿಗೆ ಹೇಳುತ್ತದೆ. ಹೆಂಗಸು ಮನೆಯ ಹೊರಗೆ ಕೂಲಿಗೆ ನಿಂತಾಗ ಈ ಎರಡು ಭಾವನೆಗಳು ಒಂದನ್ನೊಂದು ಎದುರುಗೊಂಡವು. ಆಕೆಯ ಗೈರುಹಾಜರಿಯನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು? ತಿಳಿಸದೆ ಹೋದರೆ ಆಕೆಯ ಗತಿಯೇನು? ಪ್ರಸೂತಿ ಶಾಸನಗಳ ಚರಿತ್ರೆಯಲ್ಲಿ ಈ ಪ್ರಶ್ನೆಗಳು ಸಣ್ಣವಾಗಿ ಕಂಡರೂ ಅಪ್ಪಣೆಯು ಹಕ್ಕಾಗಿ ಮಾರ್ಪಟ್ಟ ಬಗೆಯನ್ನು ಇವುಗಳಲ್ಲಿಯೇ ಸ್ಫುಟವಾಗಿ ಕಾಣಬಹುದು.

1919ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸೇರಿದ ಮೊದಲನೆಯ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಪ್ರಸೂತಿಯ ವಿಷಯದಲ್ಲಿ ಒಂದು ಒಡಂಬಡಿಕೆಯನ್ನು ರಚಿಸಿತು. ಹೆರಿಗೆಯ ತರುವಾಯ ಆರು ವಾರ ಹೆಂಗಸನ್ನು ಕೆಲಸಕ್ಕೆ ಹಚ್ಚಕೂಡದೆಂದೂ, ಆರು ವಾರದೊಳಗೆ ಹೆರಿಗೆಯಾಗಬಹುದೆಂದು ವೈದ್ಯರ ಪತ್ರವನ್ನು ತಂದವಳು ಕೆಲಸವನ್ನು ಬಿಟ್ಟು ಹೋಗಲು ಹಕ್ಕುಳ್ಳವಳೆಂದೂ ಅದು ವಿಧಿಸಿತು. ವೈದ್ಯನು ದಿನದ ಎಣಿಕೆಯಲ್ಲಿ ತಪ್ಪಿದರೆ ಅದರಿಂದ ತಾಯಿಗೆ ನಷ್ಟವಾಗಕೂಡದೆಂಬ ಮಾತನ್ನೂ ಸೇರಿಸಿತು. ಮುನ್ಸೂಚನೆ ಅವಶ್ಯಕ, ಆದರೆ ಅದರ ತಪ್ಪು ತಾಯಿಯ ತಲೆಗೆ ಬರಬಾರದು ಎಂಬ ತತ್ತ್ವದ ಬೀಜ ಇಲ್ಲಿದೆ. ಭಾರತವು ಈ ಒಡಂಬಡಿಕೆಯನ್ನು ಸ್ಥಿರೀಕರಿಸಲಿಲ್ಲ. ಎನ್. ಎಂ. ಜೋಷಿಯವರು 1924ರಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟ ಮಸೂದೆಯು ಬಿದ್ದುಹೋಯಿತು.

ಕೇಂದ್ರದಲ್ಲಿ ಆಗದುದು ಪ್ರಾಂತದಲ್ಲಿ ಆಯಿತು. ಮುಂಬಯಿ ಶಾಸನಸಭೆಯಲ್ಲಿ 1928ರಲ್ಲಿ ಮಸೂದೆ ಚರ್ಚೆಗೆ ಬಂದಾಗ ಡಾ|| ಬಿ. ಆರ್. ಅಂಬೇಡ್ಕರರು ಅದನ್ನು ಬೆಂಬಲಿಸಿದರು. ಹೆರಿಗೆಯ ಹಿಂದುಮುಂದಿನ ವಿಶ್ರಾಂತಿಯು ರಾಷ್ಟ್ರಹಿತದ ವಿಷಯವಾದುದರಿಂದ ವೆಚ್ಚದ ಬಹುಭಾಗವನ್ನು ಸರ್ಕಾರವೇ ಹೊರಬೇಕಾದುದು ನ್ಯಾಯ. ಆದರೂ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಯಜಮಾನನು ಹೊಣೆಯಿಂದ ಪೂರ್ತಿಯಾಗಿ ಜಾರಿಕೊಳ್ಳಲಾಗದು ಎಂಬುದು ಅವರ ವಾದದ ಸಾರ. 1929ರಲ್ಲಿ ಮಸೂದೆಯು ಶಾಸನವಾಯಿತು. ಮದರಾಸು 1934ರಲ್ಲಿಯೂ ಮೈಸೂರು ಸಂಸ್ಥಾನವು 1937ರಲ್ಲಿಯೂ ಇದೇ ಹಾದಿಯನ್ನು ಹಿಡಿದವು. ಕನ್ನಡನಾಡು ಅಂದು ಹರಿದು ಹಂಚಿಹೋಗಿದ್ದುದರಿಂದ ಧಾರವಾಡ, ಮಂಗಳೂರು, ಮೈಸೂರುಗಳ ಕಾರ್ಖಾನೆಗಳ ಹೆಂಗಸರು ಬೇರೆ ಬೇರೆ ಶಾಸನಗಳಿಗೆ ಒಳಪಟ್ಟಿದ್ದರು. ಪ್ರಸವವೇದನೆ ಒಂದೇ, ಸಲ್ಲುವ ನ್ಯಾಯ ಮೂರು ಬಗೆ.

ಈ ಭೇದಗಳನ್ನು ಬಹುಮಟ್ಟಿಗೆ ಅಳಿಸಿ ದೇಶಕ್ಕೆ ಸಾಮಾನ್ಯವಾದ ವಿಧಿಯನ್ನು ತಂದುದು 1961ರ ಪ್ರಸೂತಿ ಪ್ರಯೋಜನ ಅಧಿನಿಯಮ. ಅದರ ಆರನೆಯ ಪ್ರಕರಣವನ್ನು ಪರ್ಯಾಲೋಚಿಸತಕ್ಕದ್ದು. ಹೆಂಗಸು ಲಿಖಿತ ಸೂಚನೆಯನ್ನು ಕೊಡಬಹುದು. ಹಣವನ್ನು ತನಗೆ ಅಥವಾ ತಾನು ಹೆಸರಿಸಿದವರಿಗೆ ಕೊಡಬೇಕೆಂದೂ, ಆ ಅವಧಿಯಲ್ಲಿ ಬೇರೆಲ್ಲಿಯೂ ದುಡಿಯುವುದಿಲ್ಲವೆಂದೂ, ಯಾವ ದಿನದಿಂದ ಕೆಲಸಕ್ಕೆ ಬರುವುದಿಲ್ಲವೆಂದೂ ಅದರಲ್ಲಿ ತಿಳಿಸಬೇಕು. ಮೊದಲೇ ಕೊಡದವಳು ಹೆರಿಗೆಯಾದ ಮೇಲೆ ಆದಷ್ಟು ಬೇಗನೆ ಕೊಡಬಹುದು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ, ಉಳಿದುದನ್ನು ಹೆರಿಗೆಯ ಪ್ರಮಾಣವನ್ನು ಒಪ್ಪಿಸಿದ 48 ಗಂಟೆಗಳೊಳಗೆ ಕೊಡತಕ್ಕದ್ದು. ಕೊನೆಯದಾಗಿ, ಸೂಚನೆಯನ್ನು ಕೊಡದಿದ್ದ ಮಾತ್ರಕ್ಕೆ ಅರ್ಹಳಾದವಳ ಹಕ್ಕು ನಷ್ಟವಾಗದು. ಈ ಒಂದು ವಾಕ್ಯದಿಂದ ಮುನ್ಸೂಚನೆಯ ಸ್ವರೂಪವೇ ಬದಲಾಯಿತು. ಅದು ಅಪ್ಪಣೆಯ ಬೇಡಿಕೆಯಾಗಿ ಉಳಿಯದೆ, ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಲು ಯಜಮಾನನಿಗೆ ಅವಕಾಶ ಕೊಡುವ ವ್ಯವಹಾರಸಾಧನವಾಯಿತು.

ಇನ್ನೊಂದು ಕಡೆ ಯಜಮಾನನಿಗೂ ತಿಳಿಸುವ ಕರ್ತವ್ಯ ಬಂದಿತು. ಶಾಸನದ ಸಾರವನ್ನು ಹೆಂಗಸರು ದುಡಿಯುವ ಪ್ರತಿಯೊಂದು ವಿಭಾಗದಲ್ಲಿಯೂ ಆ ಪ್ರದೇಶದ ಭಾಷೆಯಲ್ಲಿಯೇ ಎದ್ದು ಕಾಣುವಂತೆ ತೂಗುಹಾಕಬೇಕೆಂದು ಹತ್ತೊಂಬತ್ತನೆಯ ಪ್ರಕರಣವು ವಿಧಿಸಿತು. ಹಕ್ಕು ಓದಬಲ್ಲ ನುಡಿಯಲ್ಲಿಲ್ಲದಿದ್ದರೆ ಇದ್ದೂ ಇಲ್ಲದಂತೆ. ದೇಶಭಾಷೆಗಳ ಆಡಳಿತಚರಿತ್ರೆಯನ್ನು ಬರೆಯುವವರು ಈ ಪ್ರಕರಣವನ್ನು ಮರೆಯಬಾರದು. 2017ರ ತಿದ್ದುಪಡಿಯು ವಿಶ್ರಾಂತಿಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರಕ್ಕೆ ಏರಿಸಿದುದಲ್ಲದೆ (ಇಬ್ಬರು ಮಕ್ಕಳಿರುವ ತಾಯಿಗೆ ಹನ್ನೆರಡೇ), ನೇಮಕದ ಸಮಯದಲ್ಲಿಯೇ ಈ ಪ್ರಯೋಜನಗಳನ್ನು ಪ್ರತಿಯೊಬ್ಬ ಸ್ತ್ರೀಗೂ ಲಿಖಿತವಾಗಿ ತಿಳಿಸಬೇಕೆಂದಿತು. ಮೊದಲ ಸೂಚನೆ ಈಗ ಯಜಮಾನನದು, ಆಕೆಯದು ತರುವಾಯದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಪ್ರಸೂತಿಯ ವಿಧಿಗಳನ್ನು ತನ್ನ ಆರನೆಯ ಅಧ್ಯಾಯದಲ್ಲಿ ಅಳವಡಿಸಿಕೊಂಡಿದೆ.

ನ್ಯಾಯಸ್ಥಾನಗಳೂ ಇದೇ ದಿಕ್ಕಿನಲ್ಲಿ ನಡೆದುವು. ಕೂಲಿಯಿಲ್ಲದ ಭಾನುವಾರಗಳನ್ನೂ ಪ್ರಯೋಜನದ ಲೆಕ್ಕಕ್ಕೆ ಹಿಡಿಯಬೇಕೆಂದು 1977ರಲ್ಲಿ, ದೆಹಲಿ ನಗರಸಭೆಯ ದಿನಗೂಲಿ ಹೆಂಗಸರಿಗೂ ಈ ಹಕ್ಕು ಸಲ್ಲುವುದೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಆದರೆ ಈ ವಿಧಿಗಳೆಲ್ಲವೂ ಒಬ್ಬ ಯಜಮಾನನಿರುವನೆಂಬ ಊಹೆಯ ಮೇಲೆ ನಿಂತಿವೆ. ಸ್ವತಂತ್ರವಾಗಿ ವೃತ್ತಿ ನಡೆಸುವ ವಕೀಲೆಯು ಸೂಚನೆಯನ್ನು ತನ್ನ ಕಕ್ಷಿಗಾರರಿಗೆ, ವೈದ್ಯೆಯು ತನ್ನ ರೋಗಿಗಳಿಗೆ, ಹೊಲಿಗೆಯವಳು ಬಟ್ಟೆ ಕೊಟ್ಟವರಿಗೆ ಕೊಡಬೇಕು. ಕೈಯಲ್ಲಿರುವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು, ಯಾವುದನ್ನು ಮುಂದೂಡಬೇಕು ಎಂಬುದನ್ನು ಅವಳೇ ಗೊತ್ತುಮಾಡಿಕೊಳ್ಳಬೇಕು. ಕಕ್ಷಿಗಾರನು ಬೇರೆಯವರಲ್ಲಿಗೆ ಹೊರಟುಹೋದರೆ ಅದು ವಜಾ ಅಲ್ಲ. ಆದುದರಿಂದ ಅದಕ್ಕೆ ತಡೆಯೂ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ಗರ್ಭಿಣಿಯರಿಗೆ ಆರು ಸಾವಿರ ರೂಪಾಯಿಗೆ ಕಡಿಮೆಯಾಗದ ಸಹಾಯವನ್ನು ವಿಧಿಸಿ, ಯಜಮಾನನಿಲ್ಲದವರ ಕಡೆಗೂ ಕಣ್ಣು ಹಾಯಿಸಿತು. ಅದರಿಂದ ಹಣ ಬರಬಹುದು. ಬಿಟ್ಟುಹೋದ ಕೆಲಸವು ಮರಳಿ ಬರುವುದೆಂಬ ಭರವಸೆ ಬರದು. ಅಪ್ಪಣೆಯಿಂದ ಹಕ್ಕಿನವರೆಗೆ ನಡೆದುಬಂದ ಶಾಸನವು ಕೂಲಿಯವಳನ್ನು ತಲುಪಿದೆ. ತನಗೆ ತಾನೇ ಒಡತಿಯಾದವಳು ಇಂದಿಗೂ ತನ್ನ ರಜೆಗೆ ಪರರ ಸಮ್ಮತಿಯನ್ನೇ ನೆಚ್ಚಬೇಕಾಗಿದೆ. ಆ ಶಬ್ದದ ಮೂಲಾರ್ಥವು ಅವಳ ಪಾಲಿಗೆ ಇನ್ನೂ ಸವೆದಿಲ್ಲ.