ಎಳೆಯ ಕೈಗೆ ಎಂಥ ಬ್ಯಾಟು? ಬೇಸ್‌ಬಾಲ್ ಬ್ಯಾಟಿನ ಚರಿತ್ರೆಯಲ್ಲಿ ಭೌತಶಾಸ್ತ್ರ

ಕ್ರಿಕೆಟ್ ಬ್ಯಾಟು ಕೊಳ್ಳುವಾಗ ನಾವು ಅದನ್ನು ಕೈಯಲ್ಲಿ ಎತ್ತಿ, ಒಮ್ಮೆ ಬೀಸಿ ನೋಡುತ್ತೇವೆ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮಗುವಿಗೆ ಬ್ಯಾಟು ಕೊಡಿಸುವ ಪೋಷಕರು ಇದರ ಜೊತೆಗೆ ಬ್ಯಾಟಿನ ಮೇಲೆ ಅಚ್ಚಾದ ಅಂಕಿಗಳನ್ನೂ ಓದಬೇಕು: 30 ಅಂಗುಲ, 20 ಔನ್ಸ್, 'ಮೈನಸ್ 10', ಪಕ್ಕದಲ್ಲೊಂದು ಪ್ರಮಾಣೀಕರಣದ ಮುದ್ರೆ. ಈ ಅಂಕಿಗಳು ಒಂದೇ ದಿನ ಹುಟ್ಟಿದವಲ್ಲ. ಬ್ಯಾಟಿನಲ್ಲಿ ಅಳೆಯಬೇಕಾದುದು ಏನು ಎಂಬ ಪ್ರಶ್ನೆಗೆ ಸುಮಾರು 150 ವರ್ಷಗಳಲ್ಲಿ ದೊರೆತ ಬೇರೆ ಬೇರೆ ಉತ್ತರಗಳು ಅವು.

ಉದ್ದ, ದಪ್ಪ, ತೂಕ

ಮೊದಮೊದಲು ಆಟಗಾರರು ತಮಗೆ ತೋಚಿದಂತೆ ಬ್ಯಾಟು ಮಾಡಿಕೊಳ್ಳುತ್ತಿದ್ದರು. 1859ರಲ್ಲಿ ಬ್ಯಾಟಿನ ವ್ಯಾಸ ಎರಡೂವರೆ ಅಂಗುಲವನ್ನು (ಸುಮಾರು 6.4 ಸೆಂಮೀ) ಮೀರಬಾರದೆಂಬ ನಿಯಮ ಬಂತು. ಮುಂದಿನ ದಶಕದಲ್ಲಿ ಉದ್ದಕ್ಕೆ 42 ಅಂಗುಲದ ಮಿತಿ ಸೇರಿತು. 1893ರಲ್ಲಿ ಚಪ್ಪಟೆ ಮುಖದ ಬ್ಯಾಟು ನಿಷಿದ್ಧವಾಯಿತು. ತೂಕಕ್ಕೆ ಮಾತ್ರ ವೃತ್ತಿಪರ ಆಟದಲ್ಲಿ ಯಾವ ಮಿತಿಯನ್ನೂ ಹಾಕಲಿಲ್ಲ.

ಬ್ಯಾಟು ಭಾರವಾದಷ್ಟೂ ಚೆಂಡು ದೂರ ಹೋಗುತ್ತದೆ ಎಂಬುದು ಆ ಕಾಲದ ನಂಬಿಕೆ. 1920ರ ದಶಕದ ಪ್ರಸಿದ್ಧ ಆಟಗಾರ ಬೇಬ್ ರೂತ್ 40 ಔನ್ಸ್‌ಗಿಂತಲೂ (1.1 ಕಿಗ್ರಾಂ) ಭಾರದ ಬ್ಯಾಟುಗಳನ್ನು ಬಳಸಿದ. ಈಗಿನ ವೃತ್ತಿಪರ ಆಟಗಾರರ ಬ್ಯಾಟುಗಳು ಸಾಮಾನ್ಯವಾಗಿ 31ರಿಂದ 33 ಔನ್ಸ್, ಅಂದರೆ 900 ಗ್ರಾಂ ಆಸುಪಾಸಿನವು.

1939ರಲ್ಲಿ ಕಾರ್ಲ್ ಸ್ಟಾಟ್ಜ್ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಮಕ್ಕಳಿಗಾಗಿ 'ಲಿಟ್ಲ್ ಲೀಗ್' ಆರಂಭಿಸಿದರು. ಮಕ್ಕಳಿಗೆಂದು ಮೈದಾನವನ್ನು ಕುಗ್ಗಿಸಲಾಯಿತು. ವಯಸ್ಕರ ಆಟದಲ್ಲಿ ಚೆಂಡೆಸೆಯುವ ಪಿಚರ್ ನಿಲ್ಲುವ ದೂರ ಅರವತ್ತೂವರೆ ಅಡಿ (18.4 ಮೀ). 12 ವರ್ಷದವರೆಗಿನ ಮಕ್ಕಳಿಗೆ ಅದು 46 ಅಡಿ (14 ಮೀ). ಬ್ಯಾಟನ್ನು ಕುಗ್ಗಿಸುವುದು ಅಷ್ಟು ಸುಲಭವಾಗಿರಲಿಲ್ಲ. ಮರದ ಸಾಂದ್ರತೆ ನಮ್ಮ ಕೈಯಲ್ಲಿಲ್ಲ. ಬ್ಯಾಟನ್ನು ಹಗುರ ಮಾಡಲು ತೆಳುವಾಗಿಸಿದರೆ ಹೊಡೆಯುವ ಜಾಗವೂ ಕಿರಿದಾಗುತ್ತದೆ, ಬ್ಯಾಟು ಮುರಿಯುವ ಸಂಭವವೂ ಹೆಚ್ಚುತ್ತದೆ.

ವೇಗಕ್ಕೆ ಸಿಕ್ಕ ಪ್ರಾಶಸ್ತ್ಯ

ಭೌತವಿಜ್ಞಾನಿಗಳು ಈ ಆಟದತ್ತ ಗಂಭೀರವಾಗಿ ನೋಡಿದ್ದು ತಡವಾಗಿ. 1963ರಲ್ಲಿ ಪಾಲ್ ಕರ್ಕ್‌ಪ್ಯಾಟ್ರಿಕ್, ಬ್ಯಾಟು–ಚೆಂಡಿನ ಸಂಘಟ್ಟನೆಯನ್ನು ಗಣಿತದ ಚೌಕಟ್ಟಿಗೆ ತಂದರು. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಅಡೇರ್ 1990ರಲ್ಲಿ ಬೇಸ್‌ಬಾಲಿನ ಭೌತಶಾಸ್ತ್ರವನ್ನು ಕುರಿತು ಪುಸ್ತಕ ಬರೆದರು. ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್ ಈ ಅಧ್ಯಯನವನ್ನು ಮುಂದುವರಿಸಿದರು.

ಈ ಅಧ್ಯಯನಗಳಿಂದ ಹೊರಟ ಒಂದು ಸರಳ ಸಂಬಂಧವನ್ನು ನೋಡೋಣ. ವಯಸ್ಕರ ಮರದ ಬ್ಯಾಟಿನ ಉತ್ತಮ ಬಿಂದುವಿಗೆ ಚೆಂಡು ತಗುಲಿದಾಗ, ಅದು ಹೊರಡುವ ವೇಗವು ಎಸೆತದ ವೇಗದ ಸುಮಾರು 0.2ರಷ್ಟು ಮತ್ತು ಬ್ಯಾಟಿನ ವೇಗದ ಸುಮಾರು 1.2ರಷ್ಟರ ಮೊತ್ತ. ಎಸೆತ ಗಂಟೆಗೆ 90 ಕಿಮೀ, ಬ್ಯಾಟು 110 ಕಿಮೀ ಇದ್ದರೆ 18 + 132 = 150 ಕಿಮೀ. ಬ್ಯಾಟಿನ ವೇಗಕ್ಕೆ ಎಸೆತದ ವೇಗದ ಆರು ಪಟ್ಟು ಬೆಲೆ! ಬ್ಯಾಟು ತೀರ ಹಗುರವಾದರೆ 0.2 ಎಂಬ ಅಂಶ ಇಳಿಯುತ್ತದೆ. ತೀರ ಭಾರವಾದರೆ ಬೀಸುವ ವೇಗ ಇಳಿಯುತ್ತದೆ. ಹಳೆಯ ನಂಬಿಕೆ ಅರ್ಧ ಸತ್ಯವಾಗಿತ್ತು.

ತೂಕ ಎಲ್ಲಿದೆ?

ಬೀಸುವ ವೇಗವನ್ನು ತೂಕವೊಂದೇ ನಿರ್ಧರಿಸುತ್ತದೆಯೇ? ಸುತ್ತಿಗೆಯನ್ನು ಮೊದಲು ಹಿಡಿಕೆಯಿಂದ ಹಿಡಿದು, ಅನಂತರ ತಲೆಯ ಕಡೆಯಿಂದ ಹಿಡಿದು ಬೀಸಿ ನೋಡಿ. ತೂಕ ಅದೇ, ಆದರೆ ಎರಡನೆಯ ಬಾರಿ ಅದು ಸಲೀಸಾಗಿ ತಿರುಗುತ್ತದೆ. ತಿರುಗುವಿಕೆಗೆ ವಸ್ತು ಒಡ್ಡುವ ಈ ಪ್ರತಿರೋಧವೇ ಮೊಮೆಂಟ್ ಆಫ್ ಇನರ್ಷಿಯಾ. ಇಲ್ಲಿ ಅದನ್ನು 'ತಿರುಗು-ಜಡತ್ವ' ಎನ್ನೋಣ. ಪ್ರತಿ ಕಣದ ದ್ರವ್ಯರಾಶಿಯನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಅದು ದೊರೆಯುತ್ತದೆ.

ಬ್ಯಾಟಿನ ಹಿಡಿಕೆಯ ತುದಿಯನ್ನು ಅಕ್ಷವೆಂದು ಭಾವಿಸಿ. ಅಲ್ಲಿಂದ 5 ಸೆಂಮೀ ದೂರದಲ್ಲಿ 30 ಗ್ರಾಂ ಸೇರಿಸಿದರೂ, 70 ಸೆಂಮೀ ದೂರದಲ್ಲಿ 30 ಗ್ರಾಂ ಸೇರಿಸಿದರೂ ತಕ್ಕಡಿಯಲ್ಲಿ ವ್ಯತ್ಯಾಸ ಕಾಣದು. ಆದರೆ ದೂರ 14 ಪಟ್ಟು ಹೆಚ್ಚಿದ್ದರಿಂದ ತಿರುಗು-ಜಡತ್ವದಲ್ಲಿ ಆಗುವ ಏರಿಕೆ 14ರ ವರ್ಗ, ಅಂದರೆ 196 ಪಟ್ಟು.

2003ರಲ್ಲಿ ಪ್ರಕಟವಾದ ಸಾಫ್ಟ್‌ಬಾಲ್ ಆಟಗಾರರ ಅಧ್ಯಯನವೊಂದು ಇದನ್ನು ಮೈದಾನದಲ್ಲಿ ಪರೀಕ್ಷಿಸಿತು. ಲಾಯ್ಡ್ ಸ್ಮಿತ್, ಜೆಫ್ರಿ ಬ್ರೋಕರ್ ಮತ್ತು ನೇಥನ್ ಎರಡು ಬಗೆಯ ಬ್ಯಾಟುಗಳನ್ನು ಕೊಟ್ಟರು: ಒಂದೇ ತೂಕದ ಆದರೆ ತಿರುಗು-ಜಡತ್ವ ಬೇರೆಯಾದವು, ಒಂದೇ ತಿರುಗು-ಜಡತ್ವದ ಆದರೆ ತೂಕ ಬೇರೆಯಾದವು. ಬೀಸುವ ವೇಗ ತಿರುಗು-ಜಡತ್ವವನ್ನು ಅನುಸರಿಸಿತೇ ಹೊರತು ತೂಕವನ್ನಲ್ಲ.

ಅಲ್ಯೂಮಿನಿಯಮ್ ತಂದ ಅನುಕೂಲ, ಅಪಾಯ

ಲೋಹದ ಬ್ಯಾಟಿಗೆ ವಿಲಿಯಮ್ ಶ್ರೋಯರ್ 1924ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಬಳಕೆಗೆ ಬಂದುದು 1970ರ ಸುಮಾರಿಗೆ. ಲಿಟ್ಲ್ ಲೀಗ್ 1971ರಲ್ಲಿ, ಕಾಲೇಜು ಆಟ 1974ರಲ್ಲಿ ಅಲ್ಯೂಮಿನಿಯಮ್ ಬ್ಯಾಟನ್ನು ಒಪ್ಪಿಕೊಂಡವು. ಅದು ಮುರಿಯದು, ಆದ್ದರಿಂದ ಖರ್ಚು ಕಡಿಮೆ. (ಕ್ರಿಕೆಟ್‌ನಲ್ಲಿ ನಡೆದದ್ದು ಬೇರೆ. 1979ರ ಡಿಸೆಂಬರಿನಲ್ಲಿ ಪರ್ತ್ ಟೆಸ್ಟ್‌ನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಮ್ ಬ್ಯಾಟು ಹಿಡಿದು ಬಂದ ಮೇಲೆ, ಬ್ಯಾಟಿನ ಅಲಗು ಮರದ್ದೇ ಆಗಿರಬೇಕೆಂದು 1980ರ ನಿಯಮಾವಳಿ ವಿಧಿಸಿತು.)

ಟೊಳ್ಳು ಬ್ಯಾಟಿನಲ್ಲಿ ಗಾತ್ರಕ್ಕೂ ತೂಕಕ್ಕೂ ಇದ್ದ ಗಂಟು ಬಿಚ್ಚಿಕೊಂಡಿತು. ದಪ್ಪ ಹಾಗೆಯೇ ಇದ್ದು ತೂಕ ಇಳಿಯಿತು. ಉಳಿದ ತೂಕವೂ ಕೈಯ ಸಮೀಪಕ್ಕೆ ಸರಿಯಿತು. ಉದ್ದದ ಅಂಗುಲಗಳಿಗಿಂತ ತೂಕದ ಔನ್ಸ್‌ಗಳು ಎಷ್ಟು ಕಡಿಮೆ ಎಂದು ಹೇಳುವ 'ಮೈನಸ್' ಅಂಕಿ ಇದನ್ನೇ ಸೂಚಿಸುತ್ತದೆ. 30 ಅಂಗುಲ, 20 ಔನ್ಸ್‌ನ ಬ್ಯಾಟು 'ಮೈನಸ್ 10'. ಮಕ್ಕಳಿಗೆ ಇದು ನಿಜವಾದ ಉಪಕಾರ.

ಜೊತೆಗೆ ಇನ್ನೊಂದು ಗುಣವೂ ಬಂತು. ಮರದ ಬ್ಯಾಟಿಗೆ ಬಡಿದ ಚೆಂಡು ಚಪ್ಪಟೆಯಾಗಿ ಮತ್ತೆ ಉಬ್ಬುವಾಗ, ಸಂಘಟ್ಟನೆಯ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಚೆಂಡಿನೊಳಗೇ ಉಷ್ಣವಾಗಿ ವ್ಯಯವಾಗುತ್ತದೆ. ತೆಳು ಲೋಹದ ಗೋಡೆಯಾದರೆ ತಾನೂ ತುಸು ಒಳಬಾಗಿ, ಶಕ್ತಿಯನ್ನು ಕೂಡಿಟ್ಟುಕೊಂಡು ಹಿಂದಿರುಗಿಸುತ್ತದೆ. ಚೆಂಡಿನ ವಿರೂಪ ಕಡಿಮೆ, ನಷ್ಟವೂ ಕಡಿಮೆ. ಇದಕ್ಕೆ ಟ್ರ್ಯಾಂಪೊಲಿನ್ ಪರಿಣಾಮವೆಂದು ಹೆಸರು. 1998ರ ಕಾಲೇಜು ವಿಶ್ವ ಸರಣಿಯ ಅಂತಿಮ ಪಂದ್ಯ 21–14ರಲ್ಲಿ ಮುಗಿದಾಗ, ಬ್ಯಾಟು ಆಟವನ್ನೇ ಕೆಡಿಸುತ್ತಿದೆ ಎಂಬ ಮಾತು ಬಲವಾಯಿತು.

ಆಟಕ್ಕಿಂತ ದೊಡ್ಡ ಚಿಂತೆ ಪಿಚರ್‌ನದು. ಎಸೆದ ಮೇಲೆ ಆತ ಒಂದು ಹೆಜ್ಜೆ ಮುಂದೆ ಬಂದಿರುತ್ತಾನೆ. ಗಂಟೆಗೆ 156 ಕಿಮೀ ವೇಗದ ಚೆಂಡು ಹದಿನಾರೂವರೆ ಮೀಟರ್ ದಾಟಲು ಬೇಕಾದುದು ಸುಮಾರು 0.4 ಸೆಕೆಂಡ್. ಮಕ್ಕಳ ಮೈದಾನ ಚಿಕ್ಕದಾದ್ದರಿಂದ 110 ಕಿಮೀ ವೇಗದ ಚೆಂಡೂ ಅಲ್ಲಿ ಅಷ್ಟೇ ಸಮಯ ಕೊಡುತ್ತದೆ. 2003ರಲ್ಲಿ ಮೊಂಟಾನಾದಲ್ಲಿ ಅಲ್ಯೂಮಿನಿಯಮ್ ಬ್ಯಾಟಿನಿಂದ ಬಂದ ಚೆಂಡು ತಲೆಗೆ ಬಡಿದು 18 ವರ್ಷದ ಪಿಚರ್ ಒಬ್ಬ ಮೃತಪಟ್ಟ. 2007ರಲ್ಲಿ ನ್ಯೂಯಾರ್ಕ್ ನಗರ ಪ್ರೌಢಶಾಲಾ ಆಟದಲ್ಲಿ ಲೋಹದ ಬ್ಯಾಟನ್ನು ನಿಷೇಧಿಸಿತು.

ಅಳತೆಯೇ ನಿಯಮವಾಯಿತು

1998ರ ಅನಂತರ ಕಾಲೇಜು ಆಟದಲ್ಲಿ 'ಮೈನಸ್ 3'ರ ಮಿತಿಯೂ, ಪ್ರಯೋಗಾಲಯದಲ್ಲಿ ಚೆಂಡು ಹೊರಡುವ ವೇಗಕ್ಕೆ ಗಂಟೆಗೆ 97 ಮೈಲಿಯ ಮಿತಿಯೂ ಬಂದವು. 2011ರಿಂದ ಅಳತೆ ಇನ್ನೂ ಮೂಲಕ್ಕಿಳಿಯಿತು: ಬ್ಯಾಟು–ಚೆಂಡಿನ ಪುಟಿತದ ಗುಣಾಂಕ 0.50ನ್ನು ಮೀರಬಾರದು, ಅಂದರೆ ಹೆಚ್ಚುಕಡಿಮೆ ಮರದ ಬ್ಯಾಟಿನಷ್ಟೇ ಇರಬೇಕು. 2012ರಲ್ಲಿ ಪ್ರೌಢಶಾಲೆಗಳು ಇದನ್ನು ಅನುಸರಿಸಿದವು. 2018ರಿಂದ ಲಿಟ್ಲ್ ಲೀಗ್‌ನಲ್ಲಿ ಮರದ ಬ್ಯಾಟನ್ನೇ ಮಾದರಿಯಾಗಿಟ್ಟುಕೊಂಡ 'ಯುಎಸ್ಎ ಬೇಸ್‌ಬಾಲ್' ಮುದ್ರೆ ಕಡ್ಡಾಯವಾಗಿದೆ. ಒಂದೇ ತುಂಡಿನ ಮರದ ಬ್ಯಾಟಿಗೆ ಮಾತ್ರ ವಿನಾಯಿತಿ.

ಹಾಗಾದರೆ ಮಗುವಿಗೆ ಬ್ಯಾಟು ಆರಿಸುವುದು ಹೇಗೆ? ಮುದ್ರೆ ಎದುರಿಗೆ ನಿಂತ ಮಗುವಿನ ರಕ್ಷಣೆಗೆ. ಬ್ಯಾಟು ಹಿಡಿದ ಮಗುವಿಗೆ ಅದು ಒಗ್ಗುತ್ತದೆಯೇ ಎಂಬುದನ್ನು ಮುದ್ರೆ ಹೇಳಲಾರದು. 'ಮೈನಸ್' ಅಂಕಿಯೂ ಅರ್ಧ ಮಾತ್ರ ಹೇಳುತ್ತದೆ. ಅಂಕಿ ಒಂದೇ ಆದರೂ ತುದಿ ಭಾರದ ಬ್ಯಾಟು ನಿಧಾನವಾಗಿ ತಿರುಗುತ್ತದೆ. ತೋಳು ಚಾಚಿ ಬ್ಯಾಟನ್ನು ಅಡ್ಡಲಾಗಿ ಹಿಡಿದು ಕೈ ನಡುಗುತ್ತದೆಯೇ ಎಂದು ನೋಡುವ ರೂಢಿಯೊಂದಿದೆ. ಅದು ಅಳೆಯುವುದು ದ್ರವ್ಯರಾಶಿ ಮತ್ತು ದೂರದ ಗುಣಲಬ್ಧವನ್ನು, ದೂರದ ವರ್ಗವನ್ನಲ್ಲ. ಮಗು ಹತ್ತಾರು ಬಾರಿ ಬೀಸಿದ ಮೇಲೂ ಬ್ಯಾಟು ಅದರ ಹಿಡಿತದಲ್ಲೇ ಇದೆಯೇ ಎಂದು ನೋಡುವುದು ಮೇಲು. ಗಂಟೆಗೆ 80 ಕಿಮೀ ವೇಗದ ಎಸೆತ 14 ಮೀಟರ್ ಕ್ರಮಿಸಲು 0.63 ಸೆಕೆಂಡ್ ಸಾಕು. ಬೀಸುವುದರಲ್ಲಿ 0.02 ಸೆಕೆಂಡ್ ಉಳಿದರೆ, ಚೆಂಡನ್ನು ಇನ್ನೂ 44 ಸೆಂಮೀ ದೂರ ನೋಡಿ ನಿರ್ಧರಿಸುವ ಅವಕಾಶ ಸಿಗುತ್ತದೆ. ಬ್ಯಾಟು ಸ್ವಲ್ಪ ಭಾರವೆನಿಸಿದರೆ ಹಿಡಿಕೆಯನ್ನು ನಾಲ್ಕೈದು ಸೆಂಮೀ ಮೇಲೆ ಹಿಡಿದರೂ ತಿರುಗು-ಜಡತ್ವ ಇಳಿಯುತ್ತದೆ.

ಈ ಅಳತೆಯನ್ನು ನಮ್ಮ ಶಾಲೆಯಲ್ಲಿ ಕ್ರಿಕೆಟ್ ಬ್ಯಾಟಿನಿಂದಲೇ ಮಾಡಬಹುದು. ಹಿಡಿಕೆಯ ತುದಿಯ ಬಳಿ ತೂಗುಹಾಕಿ ಲೋಲಕದಂತೆ ಸಣ್ಣದಾಗಿ ತೂಗಾಡಿಸಿ, 20 ಆಂದೋಲನಗಳ ಸಮಯದಿಂದ ಒಂದರ ಅವಧಿ ಕಂಡುಹಿಡಿಯಿರಿ. ಅವಧಿಯ ವರ್ಗವನ್ನು ಬ್ಯಾಟಿನ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಮತ್ತು ತೂಗುಬಿಂದುವಿನಿಂದ ಗುರುತ್ವ ಕೇಂದ್ರಕ್ಕಿರುವ ದೂರ ಇವುಗಳಿಂದ ಗುಣಿಸಿ, 4 ಪೈ ವರ್ಗದಿಂದ ಭಾಗಿಸಿದರೆ ತಿರುಗು-ಜಡತ್ವ ದೊರೆಯುತ್ತದೆ. ಬ್ಯಾಟು ತಯಾರಕರ ಪ್ರಯೋಗಾಲಯಗಳಲ್ಲೂ ಮೂಲತಃ ಇದೇ ವಿಧಾನ. ಒಂದೇ ತೂಕದ ಎರಡು ಬ್ಯಾಟು ಸಿಕ್ಕರೆ, ಯಾವುದು ಹಗುರವೆಂದು ಮೊದಲು ಮಕ್ಕಳನ್ನೇ ಕೇಳಿ, ಆಮೇಲೆ ಅಳೆಯಿರಿ.