ರಾಜಭಾಷೆಯೂ ಎಲ್ಲೆಯ ಭಾಷೆಯೂ: ರಾಮನಗರ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ವಿಚಾರ

೧

ಹಲವು ಭಾಷೆಗಳ ಜನರು ಕೂಡಿ ಬಾಳುವ ದೇಶದಲ್ಲಿ ರಾಜ್ಯದ ಬರಹಕ್ಕೆ ಯಾವ ಭಾಷೆ ಸಲ್ಲಬೇಕೆಂಬುದು ಲೋಕದ ಅನೇಕ ಕಡೆಗಳಲ್ಲಿ ಚರ್ಚೆಗೆ ಬಂದಿರುವ ವಿಷಯವಾಗಿದೆ. ದಕ್ಷಿಣ ಆಫ್ರಿಕವು ತನ್ನ ೧೯೯೬ರ ಸಂವಿಧಾನದಲ್ಲಿ ಹನ್ನೊಂದು ಭಾಷೆಗಳನ್ನು ರಾಜ್ಯಭಾಷೆಗಳೆಂದು ಎಣಿಸಿತು. ೨೦೨೩ರಲ್ಲಿ ಕಿವುಡರ ಸನ್ನೆಯ ಭಾಷೆಯನ್ನು ಹನ್ನೆರಡನೆಯದಾಗಿ ಸೇರಿಸಿಕೊಂಡಿತು. ಅದರ ನೆರೆಯ ನಮೀಬಿಯವು ೧೯೯೦ರಲ್ಲಿ ಸ್ವತಂತ್ರವಾದಾಗ, ಇಂಗ್ಲಿಷು ಮನೆಮಾತಾಗಿದ್ದವರು ಅಲ್ಲಿ ಅತ್ಯಲ್ಪ ಸಂಖ್ಯೆಯವರಾಗಿದ್ದರೂ, ಅದೊಂದನ್ನೇ ರಾಜ್ಯಭಾಷೆಯಾಗಿ ಮಾಡಿಕೊಂಡಿತು. ಇವೆರಡರಲ್ಲಿ ಯಾವುದು ಮೇಲೆಂಬ ತೀರ್ಪು ಪ್ರಕೃತ ಲೇಖನದ ಉದ್ದೇಶವಲ್ಲ. ಇಂತಹ ಏರ್ಪಾಡುಗಳನ್ನು ಅಳೆಯುವುದಕ್ಕೆ ತಕ್ಕ ಅಳತೆಗೋಲೊಂದು ನಮ್ಮ ನಾಡಿನ ಶಾಸನಗಳಲ್ಲಿಯೇ ಇದೆಯೆಂಬುದನ್ನು ತೋರಿಸಿ, ಆ ಅಳತೆಗೋಲನ್ನು ಕಡೆಯಲ್ಲಿ ನಮಗೆ ನಾವೇ ಹಿಡಿದು ನೋಡಿಕೊಳ್ಳುವುದು ಇದರ ಉದ್ದೇಶವಾಗಿದೆ.

ವಿಚಾರಕ್ಕೆ ಆರಿಸಿಕೊಂಡ ಪ್ರದೇಶವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು. ಹಿಂದೆ ಬೆಂಗಳೂರು ಜಿಲ್ಲೆಗೆ ಸೇರಿದ್ದ ಇವು ೨೦೦೭ರಲ್ಲಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಇಲ್ಲಿನ ಶಾಸನಗಳು ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿವೆ. ಆ ಸಂಪುಟವನ್ನು ತೆರೆದವರಿಗೆ ಮೊದಲು ಕಾಣುವುದು ಭಾಷೆಗಳ ವೈವಿಧ್ಯ. ಕನ್ನಡ, ಸಂಸ್ಕೃತ, ತಮಿಳು ಎಂಬ ಮೂರೂ ಇಲ್ಲಿ ಬೆರೆತು ನಿಂತಿವೆ.

೨

ಇದಕ್ಕೆ ಸಾಮಾನ್ಯವಾಗಿ ಹೇಳುವ ಸಮಾಧಾನವೇನೆಂದರೆ, ಅರಸನ ಭಾಷೆ ಯಾವುದೋ ಶಾಸನದ ಭಾಷೆಯೂ ಅದೇ ಎಂಬುದು. ಗಂಗರು ಆಳಿದಾಗ ಸಂಸ್ಕೃತ ಮತ್ತು ಕನ್ನಡ, ಚೋಳರು ಬಂದಾಗ ತಮಿಳು, ನವಾಬರ ಕಾಲಕ್ಕೆ ಫಾರಸಿ, ಕಂಪನಿಯವರ ತರುವಾಯ ಇಂಗ್ಲಿಷು ಎಂದು ಈ ಪಕ್ಷದವರು ಎಣಿಸುತ್ತಾರೆ. ಇದನ್ನು ಪೂರ್ವಪಕ್ಷವೆಂದು ಇಟ್ಟುಕೊಂಡು ಶಾಸನಗಳನ್ನೇ ಕೇಳೋಣ.

ಮೊದಲು ಗಂಗರ ತಾಮ್ರಪಟಗಳು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿ ಬಂದ ನನಗೆ ಇವುಗಳ ಸಂಸ್ಕೃತ ಭಾಗವೇ ಪ್ರಾಣವೆಂದು ಬಹುಕಾಲ ತೋರುತ್ತಿದ್ದಿತು. ವಂಶಾವಳಿಯ ಸಮಾಸಗಳನ್ನು ಬಿಡಿಸಿ, ಅಲಂಕಾರಗಳನ್ನು ಗುರುತಿಸಿ, ಕೊನೆಯ ಶಾಪಶ್ಲೋಕಗಳನ್ನು ಓದಿ, ನಡುವೆ ಬರುವ ಊರಿನ ಎಲ್ಲೆಗಳನ್ನು ದಾಟಿ ಹೋಗುತ್ತಿದ್ದೆನು. ಇದು ನನ್ನ ತಪ್ಪೆಂದು ತಿಳಿದುದು ನೆರೆಯ ನಾಗಮಂಗಲ ಸೀಮೆಯ ದೇವರಹಳ್ಳಿಯ ತಾಮ್ರಪಟವನ್ನು ಎರಡನೆಯ ಸಲ ಓದಿದಾಗ. ಶ್ರೀಪುರುಷನ ಈ ಶಾಸನವು ಶಕ ೬೯೮ಕ್ಕೆ, ಎಂದರೆ ಕ್ರಿ. ಶ. ೭೭೬ಕ್ಕೆ ಸೇರಿದುದು. ಅರಸನ ಸ್ತುತಿಯು ಸಂಸ್ಕೃತ. ದಾನದ ವಾಕ್ಯವು ಸಂಸ್ಕೃತ. ಆದರೆ ಎಲ್ಲೆಗಳ ಭಾಗಕ್ಕೆ ಬಂದೊಡನೆ ಭಾಷೆಯು ತಿರುಗುತ್ತದೆ. ದಿಕ್ಕುಗಳ ಹೆಸರು ಮಾತ್ರ ಸಂಸ್ಕೃತದಲ್ಲಿ ನಿಂತು, ಆಯಾ ದಿಕ್ಕಿನ ಮೊರಡಿ, ಕೆರೆ, ಪಳ್ಳ, ಕೂಡಲು ಮೊದಲಾದ ಗುರುತುಗಳು ಕನ್ನಡ ವಿಭಕ್ತಿಗಳೊಡನೆ ಬರುತ್ತವೆ.

ಬರೆದವನಿಗೆ ಸಂಸ್ಕೃತದ ದಾರಿದ್ರ್ಯವಿದ್ದಿತೆಂದು ಹೇಳುವಂತಿಲ್ಲ. ಮೊರಡಿಗೂ ಹಳ್ಳಕ್ಕೂ ಸಂಸ್ಕೃತದಲ್ಲಿ ಪದಗಳಿಲ್ಲವೇ? ಹಾಗಾದರೆ ಈ ತಿರುವಿಗೆ ಕಾರಣವೇನು? ಸ್ತುತಿಯನ್ನು ತಪ್ಪಾಗಿ ತಿಳಿದರೆ ಯಾರಿಗೂ ನಷ್ಟವಿಲ್ಲ. ಎಲ್ಲೆಯನ್ನು ತಪ್ಪಾಗಿ ತಿಳಿದರೆ ವ್ಯಾಜ್ಯ ಹುಟ್ಟುತ್ತದೆ. ಎಲ್ಲೆಗೆ ಸಾಕ್ಷಿಗಳಾಗುವವರು ಸುತ್ತಲಿನ ಒಕ್ಕಲುಗಳು. ಅವರು ಕಲ್ಲನ್ನೂ ಹಳ್ಳವನ್ನೂ ಕರೆಯುವ ಹೆಸರಿನಿಂದಲೇ ಶಾಸನವೂ ಕರೆಯಬೇಕು; ಇಲ್ಲದಿದ್ದರೆ ಅದು ಊರ್ಜಿತವಾಗದು. ವಿಜಯನಗರದ ಕಾಲದ ತಾಮ್ರಪಟಗಳಲ್ಲಿ ಈ ವ್ಯವಸ್ಥೆಯು ಬಾಯಿಬಿಟ್ಟೇ ಹೇಳಲ್ಪಟ್ಟಿದೆ. ಎಲ್ಲೆಗಳನ್ನು ಇನ್ನು ಮುಂದೆ ದೇಶಭಾಷೆಯಲ್ಲಿ ಬರೆಯಲಾಗುವುದೆಂದು ಸಂಸ್ಕೃತದಲ್ಲಿಯೇ ಪೀಠಿಕೆ ಹಾಕಿ, ಅನಂತರ ಆ ಭಾಷೆಗೆ ಇಳಿಯುವ ಶಾಸನಗಳನ್ನು ವಿದ್ವಾಂಸರು ಬಲ್ಲರು.

ಇದರಿಂದ ಸಿದ್ಧವಾಗುವುದೇನೆಂದರೆ, ಶಾಸನದ ಭಾಷೆಯನ್ನು ನಿರ್ಣಯಿಸುವವನು ಬರೆಸಿದವನೊಬ್ಬನೇ ಅಲ್ಲ. ಅದಕ್ಕೆ ಕಟ್ಟುಬೀಳಬೇಕಾದವನೂ ಅದನ್ನು ನಿರ್ಣಯಿಸುತ್ತಾನೆ. ಮೊದಲನೆಯವನ ಭಾಷೆಯನ್ನು ರಾಜಭಾಷೆಯೆಂದೂ ಎರಡನೆಯವನದನ್ನು ಎಲ್ಲೆಯ ಭಾಷೆಯೆಂದೂ ಕರೆಯಬಹುದು.

೩

ಚೋಳರ ಕಾಲದ ಶಾಸನಗಳು ಈ ಸಿದ್ಧಾಂತಕ್ಕೆ ಬಾಧಕವೆಂದು ಕೆಲವರು ಆಕ್ಷೇಪಿಸಬಹುದು. ಹನ್ನೊಂದನೆಯ ಶತಮಾನದ ಆದಿಯಲ್ಲಿ ತಲಕಾಡು ಚೋಳರ ವಶವಾಗಿ, ಗಂಗವಾಡಿಗೆ ಮುಡಿಗೊಂಡಚೋಳಮಂಡಲವೆಂಬ ಹೆಸರಾಯಿತು. ಚನ್ನಪಟ್ಟಣದ ಬಳಿಯ ಮಾಳೂರು ರಾಜೇಂದ್ರಸಿಂಹ ಚತುರ್ವೇದಿಮಂಗಲವಾಯಿತು. ಮಾಳೂರುಪಟ್ಟಣ, ಕೂಡ್ಲೂರು ಮೊದಲಾದ ಕಡೆಗಳಲ್ಲಿ ದೇವಾಲಯದ ಗೋಡೆಗಳ ಮೇಲೆ ತಮಿಳು ಶಾಸನಗಳು ಸಾಲಾಗಿವೆ. ಇಲ್ಲಿ ಅರಸನ ಭಾಷೆಯೇ ಗೆದ್ದಿತಲ್ಲವೇ ಎಂಬುದು ಆಕ್ಷೇಪ.

ಸಮಾಧಾನವಾವುದೆಂದರೆ: ೧೧೧೬-೧೭ರ ಸುಮಾರಿನಲ್ಲಿ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಚೋಳರ ಅಧಿಕಾರವನ್ನು ಮುಗಿಸಿದನು. ಹೊಯ್ಸಳರು ಕನ್ನಡದ ಅರಸರು. ಅರಸನ ಭಾಷೆಯೇ ಪ್ರಮಾಣವಾಗಿದ್ದರೆ ಅಂದಿಗೆ ತಮಿಳು ಶಾಸನಗಳು ನಿಲ್ಲಬೇಕಾಗಿದ್ದಿತು. ಅವು ನಿಲ್ಲಲಿಲ್ಲ, ಹೊಯ್ಸಳ ಅರಸರ ಹೆಸರನ್ನು ಹೊತ್ತ ತಮಿಳು ಶಾಸನಗಳು ಈ ಸೀಮೆಯಲ್ಲಿಯೂ ಕೋಲಾರದ ಕಡೆಯಲ್ಲಿಯೂ ದೊರೆಯುತ್ತವೆ. ದಾನವನ್ನು ನಡೆಸಬೇಕಾಗಿದ್ದ ಚತುರ್ವೇದಿಮಂಗಲಗಳ ಮಹಾಜನರೂ ದೇವಾಲಯದ ಸ್ಥಾನಿಕರೂ ತಮಿಳನ್ನು ಓದುವವರಾಗಿದ್ದುದೇ ಇದಕ್ಕೆ ಕಾರಣವೆಂದು ಊಹಿಸುವುದು ಯುಕ್ತವಾಗಿದೆ. ಕಟ್ಟುಬೀಳಬೇಕಾದವನ ಭಾಷೆಯೇ ಇಲ್ಲಿಯೂ ನಿಂತಿತು.

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಅರಸರಿಟ್ಟ ಉದ್ದವಾದ ಬಿರುದಿನ ಹೆಸರುಗಳು ಅರಸರೊಡನೆಯೇ ಹೋದುವು. ಕೆಳಲೆನಾಡು ತಮಿಳು ಶಾಸನಗಳಲ್ಲಿ ಕಿಳಲೈನಾಡೆಂದು ಉಚ್ಚಾರವನ್ನು ತುಸು ಬದಲಿಸಿಕೊಂಡಿತಷ್ಟೇ ಹೊರತು ತನ್ನ ಹೆಸರನ್ನು ಬಿಡಲಿಲ್ಲ. ರಾಜೇಂದ್ರಸಿಂಹ ಚತುರ್ವೇದಿಮಂಗಲವನ್ನು ಇಂದು ಶಾಸನ ಓದುವವರು ಮಾತ್ರ ಬಲ್ಲರು. ಅಪ್ರಮೇಯಸ್ವಾಮಿಯ ದರ್ಶನಕ್ಕೆ ಹೋಗುವವರೆಲ್ಲರೂ ಮಾಳೂರನ್ನು ಬಲ್ಲರು.

ವಿಜಯನಗರದ ತರುವಾಯ ಚನ್ನಪಟ್ಟಣವನ್ನು ಆಳಿದ ಜಗದೇವರಾಯನ ಮನೆತನವು ತೆಲುಗಿನದು. ೧೬೩೦ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಆ ಪಾಳೆಯಪಟ್ಟನ್ನು ತೆಗೆದುಕೊಂಡರು. ೧೬೩೮ರಲ್ಲಿ ಬೆಂಗಳೂರು ಬಿಜಾಪುರದವರ ವಶವಾದ ಮೇಲೆ ಮಾಗಡಿಯಲ್ಲಿ ನೆಲೆಸಿ, ೧೭೨೮ರವರೆಗೆ ಆಳಿದ ಕೆಂಪೇಗೌಡರ ಮನೆತನದಲ್ಲಿಯೂ ಸಾಹಿತ್ಯದ ವಿನೋದಕ್ಕೆ ತೆಲುಗು ಸಂದಿದ್ದಿತು. ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವು ಕೆಂಪೇಗೌಡನ ಹೆಸರಿನಲ್ಲಿದೆ. ಆದರೂ ಕೆರೆ, ಗುಡಿ, ಭೂದಾನಗಳನ್ನು ಕುರಿತ ಆ ಮನೆತನದ ಕನ್ನಡ ಶಾಸನಗಳು ದೊರೆತಿವೆ. ಆಸ್ಥಾನದಲ್ಲಿ ತೆಲುಗನ್ನು ಕೇಳಿ ನಲಿದ ಪ್ರಭುವು ಹೊಲದ ಬದುವಿನ ಬಳಿ ಕನ್ನಡಕ್ಕೆ ಬಂದನು.

೪

ಟೀಪುವಿನ ಆಳಿಕೆಯಲ್ಲಿ ಫಾರಸಿಯು ಆಸ್ಥಾನದ ಭಾಷೆಯಾಗಿ ಮೇಲಿನ ಕಚೇರಿಗಳ ಲೆಕ್ಕಕ್ಕೂ ಇಳಿಯಿತು. ಮರಾಠಿಯೂ ಕಚೇರಿಗಳಲ್ಲಿ ಬಳಕೆಯಲ್ಲಿದ್ದು, ೧೭೯೯ರ ತರುವಾಯ ಪೂರ್ಣಯ್ಯನವರ ಕಾಲದಲ್ಲಿಯೂ ಮುಂದುವರಿಯಿತು. ರಾಮಗಿರಿಯ ತಪ್ಪಲಿನ ಊರಿಗೆ ಟೀಪುವಿನ ಕಾಲದಲ್ಲಿ ಶಂಸೇರಾಬಾದ್ ಎಂದು ಹೆಸರಿದ್ದಿತೆಂದು ಹೇಳುತ್ತಾರೆ. ಅನಂತರ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಸಾಹೇಬರ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಗಿ, ಕಡೆಗೆ ರಾಮನಗರವಾಯಿತು. ಕ್ಲೋಸ್ ಸಾಹೇಬರ ಹೆಸರು ಇಂದು ಭೂಗರ್ಭಶಾಸ್ತ್ರಜ್ಞರು ಇಲ್ಲಿನ ಬೆಣಚುಕಲ್ಲಿಗೆ ಹೇಳುವ ಹೆಸರಿನಲ್ಲಿ ಮಾತ್ರ ಉಳಿದಿದೆ.

ಮೇಲಿನ ಲೆಕ್ಕವು ಯಾವ ಭಾಷೆಯಲ್ಲಿದ್ದರೂ ಹಳ್ಳಿಯ ಲೆಕ್ಕವನ್ನು ಶಾನುಭೋಗನು ಬರೆಯಬೇಕಾಗಿದ್ದಿತು. ಶಾಸನಗಳ ಸೇನಬೋವನೇ ಈ ಶಾನುಭೋಗ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದ ಅವನ ಪುಸ್ತಕಕ್ಕೆ ಕಡತವೆಂದು ಹೆಸರು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ ೧೯೬೧ರ ಕಾಯಿದೆಯಿಂದ ಶಾನುಭೋಗಿಕೆಯು ಹೋಯಿತು. ಆದರೆ ಇಂದು ಸಚಿವಾಲಯದ ಮೇಜಿನ ಮೇಲಿರುವ ಕಾಗದದ ಕಟ್ಟಿಗೂ ಕಡತವೆಂದೇ ಹೆಸರು. ಹಳ್ಳಿಯ ಜಗಲಿಯಲ್ಲಿದ್ದ ಪದವು ಕಾಲಕ್ರಮದಲ್ಲಿ ರಾಜಧಾನಿಗೆ ಏರಿತು.

ಈ ಪದರಗಳನ್ನೆಲ್ಲ ಒಂದೇ ಕಡೆ ನೋಡಬಯಸುವವರು ಜಮೀನಿನ ಕ್ರಯಪತ್ರವೊಂದನ್ನು ಓದಬೇಕು. ಅದರ ಕೊನೆಯಲ್ಲಿ ಬರುವ ಚೆಕ್ಕುಬಂದಿಯೆಂಬ ಶಬ್ದವು ಫಾರಸಿಯ ದಾರಿಯಿಂದ ಬಂದುದು. ಸರ್ವೆ ನಂಬರೆಂಬುದು ಇಂಗ್ಲಿಷು. ಪೂರ್ವ ಪಶ್ಚಿಮಗಳು ಸಂಸ್ಕೃತ. ಆಯಾ ದಿಕ್ಕಿನ ಹಳ್ಳ, ಕಟ್ಟೆ, ಬದು, ಹುಣಿಸೆಮರಗಳು ಕನ್ನಡ. ೭೭೬ರ ತಾಮ್ರಪಟದ ಕ್ರಮವೇ ಇದು. ಸಾವಿರದ ಇನ್ನೂರು ವರ್ಷಗಳಲ್ಲಿ ರಾಜಭಾಷೆಗಳು ಅನೇಕ ಸಲ ಬದಲಾದರೂ ಎಲ್ಲೆಯ ಭಾಷೆಯ ಸ್ಥಾನವು ಚಲಿಸಲಿಲ್ಲ.

೫

ಈ ಅಳತೆಗೋಲನ್ನು ಹಿಡಿದು ದಕ್ಷಿಣ ಆಫ್ರಿಕದ ಕಡೆಗೆ ನೋಡೋಣ. ೧೯೧೦ರಲ್ಲಿ ಅಲ್ಲಿನ ಒಕ್ಕೂಟವು ಇಂಗ್ಲಿಷನ್ನೂ ಡಚ್ಚನ್ನೂ ರಾಜ್ಯಭಾಷೆಗಳನ್ನಾಗಿ ಮಾಡಿತು. ೧೯೨೫ರಲ್ಲಿ ಆಫ್ರಿಕಾನ್ಸ್ ಮನ್ನಣೆ ಪಡೆಯಿತು. ಜುಲು, ಖೋಸ, ಸೋಥೋ, ತ್ಸ್ವಾನ ಮೊದಲಾದ ಬಹುಜನರ ಭಾಷೆಗಳಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ೧೯೭೬ರ ಜೂನ್ ೧೬ರಂದು ಸೊವೆಟೋದ ವಿದ್ಯಾರ್ಥಿಗಳು ಆಫ್ರಿಕಾನ್ಸಿನಲ್ಲಿ ಪಾಠ ಹೇಳುವ ಆಜ್ಞೆಯ ವಿರುದ್ಧ ಬೀದಿಗಿಳಿದು ಪೊಲೀಸರ ಗುಂಡಿಗೆ ಗುರಿಯಾದರು. ಅಂತಹ ಇತಿಹಾಸದ ತರುವಾಯ ಹನ್ನೊಂದು ಭಾಷೆಗಳಿಗೂ ಸಮಾನವಾದ ಗೌರವವನ್ನು ಸಾರಿದುದು ಶ್ಲಾಘ್ಯವೇ ಸರಿ. ಆದರೆ ೨೦೧೭ರಲ್ಲಿ ಅಲ್ಲಿನ ನ್ಯಾಯಾಲಯಗಳ ಮುಖ್ಯಸ್ಥರು ಉಚ್ಚ ನ್ಯಾಯಾಲಯಗಳ ದಾಖಲೆಗೆ ಇಂಗ್ಲಿಷೊಂದನ್ನೇ ಗೊತ್ತುಮಾಡಿದರು. ಜಿಂಬಾಬ್ವೆಯು ೨೦೧೩ರ ಸಂವಿಧಾನದಲ್ಲಿ ಹದಿನಾರು ಭಾಷೆಗಳನ್ನು ಹೆಸರಿಸಿದರೂ ಅಲ್ಲಿಯೂ ಆಡಳಿತದ ಬರಹದಲ್ಲಿ ಇಂಗ್ಲಿಷೇ ಮುಂದಿದೆ. ಹಲವು ಭಾಷೆಗಳು ಪ್ರಶಸ್ತಿಯ ಭಾಗದಲ್ಲಿ ಎಣಿಕೆಗೊಂಡಿವೆ. ಜನರನ್ನು ಕಟ್ಟುವ ಭಾಗದಲ್ಲಿ ಒಂದೇ ನಿಂತಿದೆ. ನಮ್ಮ ತಾಮ್ರಪಟದ ಲೇಖಕನು ಮಾಡಿದುದು ಇದಕ್ಕೆ ವಿಪರ್ಯಾಸವಾದುದು. ಅವನು ಪ್ರಶಸ್ತಿಯಲ್ಲಿ ಕನ್ನಡವನ್ನು ಹೊಗಳಲಿಲ್ಲ. ಎಲ್ಲೆಯಲ್ಲಿ ಅದನ್ನು ನಂಬಿದನು.

ಇದನ್ನು ಹೇಳಿ ತೃಪ್ತರಾಗಿ ಕುಳಿತುಕೊಳ್ಳುವ ಅಧಿಕಾರವು ನಮಗಿಲ್ಲ. ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ೧೯೫೨ರಿಂದ ೧೯೫೬ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದು ಕನ್ನಡನಾಡಿನ ಏಕೀಕರಣದ ಪಕ್ಷವನ್ನು ವಹಿಸಿದರು. ೧೯೬೩ರ ರಾಜ್ಯಭಾಷಾ ಕಾಯಿದೆಯಿಂದ ಕನ್ನಡವು ಆಡಳಿತದ ಭಾಷೆಯಾಯಿತು. ಸಾವಿರ ವರ್ಷ ಎಲ್ಲೆಯಲ್ಲಿದ್ದ ಭಾಷೆಯು ಪ್ರಶಸ್ತಿಯ ಸ್ಥಾನಕ್ಕೆ ಬಂದುದು ಹೀಗೆ. ಹಾಗಾದರೆ ಇಂದು ಎಲ್ಲೆಯಲ್ಲಿರುವ ಭಾಷೆಗಳಾವುವು?

ಚನ್ನಪಟ್ಟಣ ರಾಮನಗರಗಳ ಮುಸಲ್ಮಾನರ ದಖನಿಗೆ ಉರ್ದು ಶಾಲೆಗಳ ಆಶ್ರಯವಾದರೂ ಇದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಹೊತ್ತಿಗೆ ಬೆಳೆಗಾರನ ಕನ್ನಡವೂ ಕೊಳ್ಳುವವನ ದಖನಿಯೂ ಒಂದನ್ನೊಂದು ಬಲ್ಲುವು. ತೆಲುಗು ತಮಿಳುಗಳಿಗೆ ನೆರೆಯ ರಾಜ್ಯಗಳಿವೆ. ಮಾಗಡಿ, ರಾಮನಗರ, ಕನಕಪುರಗಳ ಕಾಡಂಚಿನ ಇರುಳಿಗರ ಮನೆಮಾತಿಗೆ ಲಿಪಿಯಿಲ್ಲ, ಪಾಠಪುಸ್ತಕವಿಲ್ಲ, ಆಶ್ರಯ ಕೊಡುವ ರಾಜ್ಯವಿಲ್ಲ. ಅದರ ಮುಂದೆ ಇಂದು ರಾಜಭಾಷೆಯಾಗಿ ನಿಂತಿರುವುದು ನಮ್ಮ ಕನ್ನಡ.

ಇದು ಬರಿಯ ಭಾವನೆಯ ಮಾತಲ್ಲ. ೨೦೦೬ರ ಅರಣ್ಯಹಕ್ಕು ಕಾಯಿದೆಯ ನಿಯಮಗಳಲ್ಲಿ, ಹಕ್ಕುದಾರರಲ್ಲದ ಹಿರಿಯರ ಬಾಯಿಮಾತನ್ನು ಬರಹಕ್ಕಿಳಿಸಿ ಸಾಕ್ಷ್ಯವಾಗಿ ಒಪ್ಪಬಹುದೆಂದು ಹೇಳಿದೆ. ಎಂದರೆ, ಇರುಳಿಗರ ಹಿರಿಯನೊಬ್ಬನು ತನ್ನವರು ಗೆಣಸು ಅಗೆದ, ಜೇನು ಬಿಚ್ಚಿದ, ತೀರಿಕೊಂಡವರನ್ನು ಹೂಳಿದ ಸ್ಥಳಗಳನ್ನು ಬಂಡೆ, ಹಳ್ಳ, ಮರಗಳ ಹೆಸರಿನಿಂದ ಗುರುತಿಸಬೇಕು. ಬರೆದುಕೊಳ್ಳುವವನು ಅದನ್ನು ಕನ್ನಡದ ಕಾಗದಕ್ಕೆ ಇಳಿಸಬೇಕು. ಶ್ರೀಪುರುಷನ ಲೇಖಕನು ಮೊರಡಿಯ ಬಳಿ ನಿಂತಿದ್ದ ಸ್ಥಿತಿಯೇ ಇದಲ್ಲವೇ? ಬಂಡೆಯ ಹೆಸರನ್ನು ಇವನು ತನಗೆ ತಿಳಿದಂತೆ ತಿದ್ದಿ ಬರೆದರೆ, ನಾಳೆ ಸ್ಥಳಪರೀಕ್ಷೆಗೆ ಹೋದವರಿಗೆ ಆ ಬಂಡೆ ದೊರೆಯದು. ಬಂಡೆ ದೊರೆಯದಿದ್ದರೆ ಹಕ್ಕೂ ನಿಲ್ಲದು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರಲ್ಲಿಯೂ ಸಂಶೋಧಕರಲ್ಲಿಯೂ ಒಂದು ಬಿನ್ನಹ. ಶಾಸನಗಳ ಎಲ್ಲೆಯ ಭಾಗಗಳನ್ನು ಪ್ರತ್ಯೇಕವಾಗಿ ಓದಿ ಸ್ಥಳನಾಮಗಳ ಕೋಶವೊಂದನ್ನು ಮಾಡಬೇಕು. ಅದರ ಜೊತೆಯಲ್ಲಿಯೇ ಇರುಳಿಗರ ಹಾಡಿಗಳಿಗೆ ಹೋಗಿ ಬೆಟ್ಟ, ಬಂಡೆ, ಹಳ್ಳಗಳಿಗೆ ಅವರು ಹೇಳುವ ಹೆಸರುಗಳನ್ನು, ಅವರ ಉಚ್ಚಾರಣೆ ಕೆಡದಂತೆ, ಕನ್ನಡ ಲಿಪಿಯಲ್ಲಿ ಬರೆದಿಡಬೇಕು. ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು. ಗಂಗರ ಕರಣಿಕನು ನಮ್ಮ ಹಳ್ಳದ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸದೆ ಇದ್ದಂತೆಯೇ ತಾಮ್ರದಲ್ಲಿ ಕೊರೆಯಿಸಿದನು. ಅವನಿಂದ ನಮಗೆ ಬಂದ ಈ ಉಪಕಾರವನ್ನು ನಮಗಿಂತ ಚಿಕ್ಕ ಭಾಷೆಗೆ ನಾವು ಸಲ್ಲಿಸತಕ್ಕುದು.