ಚಿಪ್ಪು ಕಳೆದ ಮೊಟ್ಟೆ ಮತ್ತು ಕೋಶಪೊರೆ: ಒಂದು ತರಗತಿ ಪ್ರಯೋಗದ ಪೂರ್ವೇತಿಹಾಸ

ದುಬೈನಲ್ಲಿ 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲ್ ಹಾಗೂ ಅನಂತರ ಅಬುಧಾಬಿ ಮೊದಲಾದೆಡೆ ಹುಟ್ಟಿದ ಭಾರತೀಯ ಶಾಲೆಗಳಿಂದಾಗಿ ಸಿಬಿಎಸ್‌ಇ ಪಠ್ಯಕ್ರಮವು ಯುಎಇಯಲ್ಲಿ ಬೇರೂರಿತು. ಅಲ್ಲಿನ ಕನ್ನಡ ಕುಟುಂಬಗಳ ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪೊರೆಯ ಬಗ್ಗೆ ಕಲಿತಿರುವುದು ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕದಿಂದ; ಕರ್ನಾಟಕದ ಶಾಲೆಗಳಿಗೂ ಅದೇ ಪಾಠ ಕನ್ನಡದಲ್ಲಿ ಬಂದಿದೆ. ಕೋಳಿಮೊಟ್ಟೆಯನ್ನು ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದಲ್ಲಿಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪು ನೊರೆಗುಳ್ಳೆಗಳನ್ನೆಬ್ಬಿಸುತ್ತ ಕರಗಿ, ತೆಳುಪೊರೆಯೊಳಗೆ ತುಳುಕಾಡುವ ಮೊಟ್ಟೆ ಉಳಿಯುತ್ತದೆ. ಅದು ಶುದ್ಧ ನೀರಿನಲ್ಲಿ ಉಬ್ಬುತ್ತದೆ, ಗಾಢವಾದ ಉಪ್ಪುನೀರಿನಲ್ಲಿ ಕುಗ್ಗುತ್ತದೆ. ನೀರು ಹೀಗೆ ಅರೆಪಾರಕ ಪೊರೆಯ ಮೂಲಕ, ಎಂದರೆ ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಪೊರೆಯ ಮೂಲಕ, ದ್ರಾವಣ ಹೆಚ್ಚು ಗಾಢವಾಗಿರುವ ಕಡೆಗೆ ಸಾಗುವುದೇ ಅಭಿಸರಣ.

ಈ ಪ್ರಯೋಗದ ಮೂಲಪುರುಷ ಫ್ರಾನ್ಸಿನ ಪಾದ್ರಿ ಝಾನ್ ಆಂತ್ವಾನ್ ನೊಲೆ. ದ್ರವಗಳು ಕುದಿಯುವ ಕಾರಣವನ್ನು ಹುಡುಕುತ್ತಿದ್ದ ಆತ, 1748ರಲ್ಲಿ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿ ನಿಂತಿತು. ಸೂಜಿಯಿಂದ ಚುಚ್ಚಿದಾಗ ಒಳಗಿನ ದ್ರವ ಚಿಮ್ಮಿತು. 1820ರ ದಶಕದಲ್ಲಿ ಆನ್ರಿ ದ್ಯುಟ್ರೋಶೆ ಇದನ್ನು ಜೀವಿಗಳಿಗೆ ಅನ್ವಯಿಸಿದನು. 1867ರಲ್ಲಿ ಮೊರಿಟ್ಜ್ ಟ್ರೌಬೆ ರಾಸಾಯನಿಕ ವಿಧಾನದಿಂದ ಕೃತಕ ಪೊರೆಯನ್ನು ನಿರ್ಮಿಸಿದನು. 1877ರಲ್ಲಿ ವಿಲ್‌ಹೆಲ್ಮ್ ಫೆಫರ್ ಅಂಥ ಪೊರೆಯನ್ನು ಮಣ್ಣಿನ ಕುಡಿಕೆಯ ಗೋಡೆಯಲ್ಲಿ ಕೂರಿಸಿ ಅಭಿಸರಣದ ಒತ್ತಡವನ್ನು ಅಳೆದನು.

ಈ ವಂಶಾವಳಿಯ ಒಂದು ಕವಲು ಕೊಲ್ಲಿಯ ಕರಾವಳಿಯನ್ನು ಮುಟ್ಟಿದೆ. ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಅವರು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸೆಲ್ಯುಲೋಸ್ ಅಸಿಟೇಟಿನ ಪೊರೆ ತಯಾರಿಸಿ, ಒತ್ತಡ ಹಾಕಿ ನೀರನ್ನು ಎದುರು ದಿಕ್ಕಿಗೆ ಹಾಯಿಸುವ ವಿಧಾನವನ್ನು, ಅಂದರೆ ಈಗ ಮನೆಮನೆಯಲ್ಲೂ ಆರ್.ಒ. ಎನಿಸಿಕೊಂಡಿರುವ ಹಿಮ್ಮುಖ ಅಭಿಸರಣವನ್ನು, ಬಳಕೆಗೆ ತಂದರು. ಸಾಗರದ ನೀರಿನಲ್ಲಿ ಲೀಟರಿಗೆ ಸರಾಸರಿ 35 ಗ್ರಾಂ ಲವಣವಿದ್ದರೆ ಕೊಲ್ಲಿಯಲ್ಲಿ ಅದು 40 ಗ್ರಾಂ ದಾಟುವುದರಿಂದ, ಇಲ್ಲಿ ವಾಯುಭಾರದ 50 ಪಟ್ಟಿಗೂ ಮೀರಿದ ಒತ್ತಡ ಬೇಕು. ಬಹುಕಾಲ ಸಮುದ್ರದ ನೀರನ್ನು ಕಾಯಿಸಿ ಆವಿಯಾಗಿಸಿಯೇ ಸಿಹಿನೀರು ಪಡೆಯುತ್ತಿದ್ದ ಈ ನಾಡಿನಲ್ಲಿ, ಅಬುಧಾಬಿಯ ತವೀಲಾ ಸ್ಥಾವರವು ಈಗ ಪೊರೆಗಳಿಂದಲೇ ದಿನಕ್ಕೆ ಸುಮಾರು 9 ಲಕ್ಷ ಘನ ಮೀಟರ್ ನೀರು ಕೊಡಬಲ್ಲದು. ಮೊಟ್ಟೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಅಲ್ಲಿನ ಶಿಕ್ಷಕರಿಗೆ ಸಿಗಲಾರದು.

ಆದರೆ ಈ ಸಾಮೀಪ್ಯದಲ್ಲೇ ಪ್ರಯೋಗದ ಕೊರತೆಯೂ ಇದೆ. ಮೊಟ್ಟೆಯ ಪೊರೆ ಜೀವಕೋಶದ ಪೊರೆಯಲ್ಲ. ಅದು ಕೋಳಿಯ ಅಂಡನಾಳದಲ್ಲಿ ಬಿಳಿಭಾಗದ ಸುತ್ತ ಹೆಣೆದುಕೊಂಡ ಪ್ರೋಟೀನ್ ನಾರುಗಳ ಎರಡು ಪದರ. ನೊಲೆಯ ಮೂತ್ರಕೋಶದಂತೆಯೇ, ತವೀಲಾದ ಪೊರೆಯಂತೆಯೇ, ಅದು ಅಭಿಸರಣವನ್ನು ತೋರಿಸುತ್ತದೆಯೇ ಹೊರತು ಜೀವಂತ ಕೋಶವನ್ನಲ್ಲ. ಅದೇ ಪಾಠದಲ್ಲಿ ಬರುವ, ಒಣದ್ರಾಕ್ಷಿಯನ್ನು ನೀರಿನಲ್ಲಿಟ್ಟು ಉಬ್ಬಿಸುವ ಪ್ರಯೋಗಕ್ಕೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಒಣಗುವಾಗಲೇ ಅದರ ಕೋಶಪೊರೆಗಳು ಕೆಟ್ಟಿರುತ್ತವೆ.

ಕೋಶಪೊರೆಯ ನಿಜವಾದ ಸಾಕ್ಷ್ಯ ಅದೇ ಅಧ್ಯಾಯದ ಇನ್ನೊಂದು ಚಟುವಟಿಕೆಯಲ್ಲಿದೆ. ಕೆಳಮೈ ನೇರಳೆಯಾಗಿರುವ ರಿಯೋ ಎಲೆಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಗಾಢವಾದ ಸಕ್ಕರೆ ಅಥವಾ ಉಪ್ಪಿನ ದ್ರಾವಣ ಹಾಕಿದರೆ, ಕೋಶದ ಬಣ್ಣದ ತಿರುಳು ಭಿತ್ತಿಯಿಂದ ಬಿಡಿಸಿಕೊಂಡು ಒಳಕ್ಕೆ ಕುಗ್ಗುತ್ತದೆ, ಇದು ಪ್ಲಾಸ್ಮೊಲೈಸಿಸ್. ಕಾರ್ಲ್ ನೇಗೆಲಿ 1855ರಲ್ಲಿ ವಿವರಿಸಿದ, ಹ್ಯೂಗೊ ಡಿ ವ್ರೀಸ್ ಮುಂದೆ ಅಳತೆಯ ಸಾಧನವನ್ನಾಗಿ ಮಾಡಿಕೊಂಡ ದೃಶ್ಯವಿದು. ಎಲೆಯನ್ನು ಮೊದಲೇ ನೀರಿನಲ್ಲಿ ಕುದಿಸಿದ್ದರೆ ಹೀಗೆ ಕುಗ್ಗುವುದಿಲ್ಲ: ಶಾಖದಿಂದ ಪೊರೆಯ ರಚನೆ ಕೆಟ್ಟು, ನೇರಳೆ ಬಣ್ಣವೂ ಹೊರಗೆ ಸೋರಿರುತ್ತದೆ. ಆ ರಚನೆ ಎಂಥದ್ದೆಂಬುದಕ್ಕೆ 1890ರ ದಶಕದಲ್ಲಿ ಅರ್ನೆಸ್ಟ್ ಓವರ್ಟನ್ ಸುಳಿವು ಕೊಟ್ಟನು. ಕೊಬ್ಬಿನಲ್ಲಿ ಕರಗುವ ವಸ್ತುಗಳು ಕೋಶವನ್ನು ಸುಲಭವಾಗಿ ಹೊಗುತ್ತವೆಂದು ಕಂಡುಕೊಂಡ ಆತ, ಪೊರೆಯೂ ಕೊಬ್ಬಿನಂಥ ದ್ರವ್ಯದ್ದೇ ಇರಬೇಕೆಂದು ತರ್ಕಿಸಿದನು. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಅದು ಲಿಪಿಡ್‌ನ ಎರಡು ಪದರಗಳದ್ದೆಂದರು. ಹಾಗಾದರೆ ಕೊಬ್ಬಿಗೆ ಒಗ್ಗದ ನೀರು ಅಷ್ಟು ಬೇಗ ಹಾಯುವುದು ಹೇಗೆಂಬ ಪ್ರಶ್ನೆ 1990ರ ದಶಕದವರೆಗೂ ಬಾಕಿ ಉಳಿದು, ನೀರಿಗೆಂದೇ ಇರುವ ಅಕ್ವಾಪೊರಿನ್ ಎಂಬ ಪ್ರೋಟೀನ್ ನಾಳವನ್ನು ಪೀಟರ್ ಏಗ್ರೆ ಗುರುತಿಸಿದ ಮೇಲೆ ಇತ್ಯರ್ಥವಾಯಿತು.